ಅಪ್ಪನ ಗಾಡಿಗೆ ಎಣ್ಣೆ ಹಾಕದ ದಿನ

ಮನೆಗೆ ಎರಡು ಮೂರು ಗಾಡಿ ನಿಲ್ಲುವ ಈಗಿನವರಿಗೆ ಹೇಳಿದರೆ ನಗುತ್ತಾರೆ. ನಾನು ಚಿಕ್ಕವಳಿದ್ದಾಗ ಕಲಬುರಗಿಯ ಜಗತ್ ವೃತ್ತದ ಹಿಂದಿನ ನಮ್ಮ ಓಣಿಗೆಲ್ಲ ಸೇರಿ ಇದ್ದದ್ದು ಒಂದೇ ಮೋಟಾರ್ ಸೈಕಲ್, ಅದು ನಮ್ಮ ಅಪ್ಪನದು. ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮದುವೆಗೂ ಮೊದಲೇ ಯಾರದೋ ಕೈಯಿಂದ ಹಳೆಯದನ್ನೇ ಕೊಂಡಿದ್ದ. ಕಪ್ಪು ಬಣ್ಣ, ದುಂಡನೆಯ ಪೆಟ್ರೋಲ್ ಟಾಕಿ, ಎರಡು ಮನೆ ಆಚೆಗೂ ಕೇಳುವ ಸದ್ದು. ಸಂಜೆ ಆ ಸದ್ದು ಓಣಿಯ ತಿರುವಿನಲ್ಲಿ ಕೇಳಿದ ಕೂಡಲೇ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಕೂಡುವಷ್ಟರಲ್ಲಿ ಬಿಸಿ ಜೋಳದ ರೊಟ್ಟಿ ತಟ್ಟೆಗೆ ಬೀಳಬೇಕು. ಅವ್ವ ಬಡಿದ ರೊಟ್ಟಿ ಕಾಗದದಷ್ಟು ತೆಳುವು. ಆ ಬಡಿಯುವ ಸದ್ದಿನ ಲಯಕ್ಕೇ ನಾನು ಎಷ್ಟೋ ಸಲ ಬಾಗಿಲ ಬಳಿ ನಿದ್ದೆ ಹೋಗಿದ್ದೇನೆ.

ಗಾಡಿಯ ಮೇಲೆ ನನ್ನ ಜಾಗ ಟಾಕಿಯ ಮೇಲೆ. ಅಪ್ಪ ಒಂದು ಟವೆಲ್ ಮಡಿಸಿ ಹಾಸುತ್ತಿದ್ದ, ನಾನು ಅದರ ಮೇಲೆ ಕಾಲು ಇಳಿಬಿಟ್ಟು ಕೂತು ಹ್ಯಾಂಡಲ್‌ನ ನಡುವೆ ಹಿಡಿಯುತ್ತಿದ್ದೆ. ಕೆಳಗೆ ಪೆಟ್ರೋಲಿನ ವಾಸನೆ, ಹಿಂದೆ ಅಪ್ಪನ ಅಂಗಿಯ ಬೆವರು, ಮುಖಕ್ಕೆ ಗಾಳಿ. ರೋಜಾದ ದರ್ಗಾದ ಉರುಸಿನ ಗದ್ದಲದಲ್ಲಿ ಆ ಎತ್ತರದಿಂದ ಜನರ ತಲೆಗಳನ್ನು ನೋಡುತ್ತ ಹೋಗುವಾಗ ನಾನು ಯಾರ ಕಡೆಗೂ ಸುಲಭಕ್ಕೆ ನಗುತ್ತಿರಲಿಲ್ಲ. ಅಷ್ಟು ಸೊಕ್ಕು.

ಆ ಗಾಡಿಯ ವಿಷಯದಲ್ಲಿ ನನಗೊಂದು ಕೆಲಸವೂ ಇತ್ತು. ಅಂಥ ಹಳೆಯ ಗಾಡಿಗಳಿಗೆ ಪೆಟ್ರೋಲಿನಲ್ಲೇ ಎಂಜಿನ್ ಎಣ್ಣೆ ಬೆರೆಸಬೇಕು. ಬೆರೆಸದಿದ್ದರೆ ಒಳಗಿನ ಪಿಸ್ಟನ್ ಒಣಗಿ, ಕಾದು, ಹಿಡಿದುಕೊಂಡುಬಿಡುತ್ತದೆ. ಅಪ್ಪನಿಗೆ ತಾನೇ ತಂದ ಡಬ್ಬಿಯ ಎಣ್ಣೆಯ ಮೇಲೆ ಮಾತ್ರ ನಂಬಿಕೆ. ಪೆಟ್ರೋಲ್ ಹಾಕಿಸಿಕೊಂಡು ಮನೆಗೆ ಬಂದು ಟಾಕಿಯ ಮುಚ್ಚಳ ತೆರೆದು ನನ್ನನ್ನು ಕರೆಯುತ್ತಿದ್ದ. ನಾನು ಅಳತೆಯ ಸ್ಟೀಲ್ ಲೋಟದಲ್ಲಿ ಎಣ್ಣೆ ಹಿಡಿದು, ಒಂದು ಹನಿ ಹೊರಗೆ ಬೀಳದ ಹಾಗೆ ಸುರಿದು, ಮುಚ್ಚಳ ತಿರುಗಿಸಿ, ಗಾಡಿಯನ್ನು ಎರಡೂ ಕೈಯಿಂದ ಅತ್ತಿತ್ತ ಅಲುಗಿಸಬೇಕು. ಒಳಗೆ ಗುಳುಗುಳು ಸದ್ದಾಗುತ್ತಿತ್ತು. ಅಪ್ಪ ಕೈ ಒರೆಸಿಕೊಳ್ಳುತ್ತ ಕೇಳುತ್ತಿದ್ದ, "ಹಾಕಿದೇನು?" ನಾನು, "ಹಾಕೀನಿ." ಅಷ್ಟೇ ಮಾತು. ಒಂದು ದಿನವೂ ಅವನು ಟಾಕಿಯೊಳಗೆ ಇಣುಕಿ ನೋಡಲಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ, ಚಳಿಗಾಲ. ಎಳ್ಳಮಾವಾಸ್ಯೆಗೆ ನಾವು ಪ್ರತಿವರ್ಷ ಕಮಲಾಪುರಕ್ಕೆ, ಅವ್ವನ ತವರಿಗೆ ಹೋಗುತ್ತಿದ್ದೆವು. ಸೋದರಮಾವನ ಹೊಲದಲ್ಲಿ ಪೂಜೆ, ಬೆಳೆಗೆ ಎಡೆ ಚೆಲ್ಲುವ ಚರಗ, ಊಟ. ಅವ್ವ ಹಿಂದಿನ ದಿನವೇ ಸಜ್ಜೆ ಕಡಬು, ಶೇಂಗಾ ಹೋಳಿಗೆ ಮಾಡಿ ಬುಟ್ಟಿ ಕಟ್ಟಿಟ್ಟಿದ್ದಳು. ಸಂಜೆ ಅಪ್ಪ ಪೆಟ್ರೋಲ್ ಹಾಕಿಸಿಕೊಂಡು ಬಂದ. ಮುಚ್ಚಳ ತೆರೆಯುತ್ತ, ಬಹಳ ಸಾಮಾನ್ಯ ಮಾತೆಂಬಂತೆ ಹೇಳಿದ.

"ಈ ಸಲ ನೀ ಶಾಂತಕ್ಕನ ಕೂಡ ಬಸ್ಸಿಗೆ ಬಾ. ಟಾಕಿ ಮ್ಯಾಲ ಬಸು ಕೂಡ್ತಾನ."

ಬಸು ನನ್ನ ತಮ್ಮ, ಐದು ವರ್ಷದವನು. ಶಾಂತಕ್ಕ ಪಕ್ಕದ ಮನೆಯವರು, ಅವರ ತವರೂ ಕಮಲಾಪುರವೇ.

"ಯಾಕ? ನಾ ಎಲ್ಲಿ ಕೂಡ್ಲಿ ಹಂಗಾರ?"

"ನೀ ದೊಡ್ಡಾಕಿ ಆದಿ. ನೀ ಮುಂದ ಕೂತರ ನನಗ ದಾರಿ ಕಾಣಲ್ಲ ಈಗ."

ಒಳಗಿನಿಂದ ಅವ್ವ ನಕ್ಕಳು. "ಟಾಕಿ ಏನ ನಿನ್ನ ಹೆಸರಿಗೆ ಬರದು ಕೊಟ್ಟಾರೇನ? ಎಣ್ಣಿ ಹಾಕಿ ಬಾ, ಊಟ ಮಾಡು."

ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದ. ನಾನು ಡಬ್ಬಿ ತೆರೆದೆ, ಲೋಟ ಹಿಡಿದೆ, ಮತ್ತೆ ಡಬ್ಬಿ ಮುಚ್ಚಿದೆ. ಎಣ್ಣೆ ಇಲ್ಲದಿದ್ದರೆ ಗಾಡಿ ಬೆಳಿಗ್ಗೆ ಚಾಲೂ ಆಗುವುದೇ ಇಲ್ಲ, ಎಲ್ಲರೂ ನನ್ನ ಜೊತೆ ಬಸ್ಸಿಗೇ ಬರಬೇಕಾಗುತ್ತದೆ, ಬಸು ಟಾಕಿ ಮುಟ್ಟುವ ಹಾಗಿಲ್ಲ. ಇದು ನನ್ನ ತಲೆಯಲ್ಲಿದ್ದ ವಿಚಾರ. ಖಾಲಿ ಲೋಟವನ್ನು ಅದರ ಜಾಗದಲ್ಲಿಟ್ಟು, ಮುಚ್ಚಳ ತಿರುಗಿಸಿ, ಗಾಡಿಯನ್ನು ಮಾತ್ರ ಎಂದಿನಂತೆ ಅಲುಗಿಸಿದೆ.

"ಹಾಕಿದೇನು?"

"ಹಾಕೀನಿ."

ಬೆಳಿಗ್ಗೆ ಶಾಂತಕ್ಕನ ಕೈ ಹಿಡಿದು ಹೊಸ್ತಿಲು ದಾಟುವಾಗ ಅಪ್ಪ ಗಾಡಿಗೆ ಕಿಕ್ ಹೊಡೆದ. ಎರಡನೇ ಸಲಕ್ಕೇ ಚಾಲೂ ಆಯಿತು. ಟಾಕಿಯ ತಳದಲ್ಲಿ ಎಣ್ಣೆ ಬೆರೆಸಿದ ಹಳೆಯ ಪೆಟ್ರೋಲ್ ಒಂದಷ್ಟು ಉಳಿದಿತ್ತೆಂದು ಈಗ ತಿಳಿಯುತ್ತದೆ. ಆಗ ನನಗೆ ಅನ್ನಿಸಿದ್ದು, ಎಣ್ಣೆ ಹಾಕದಿದ್ದರೂ ಏನೂ ಆಗುವುದಿಲ್ಲ, ಅಪ್ಪ ಸುಮ್ಮನೆ ಹೆದರಿಸುತ್ತಿದ್ದ ಎಂದು. ಹೇಳಬೇಕೆಂದು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಬಸು ಮಡಿಸಿದ ಟವೆಲ್ ಮೇಲೆ ಹತ್ತಿ ಕೂತು ನನಗೆ ನಾಲಿಗೆ ಚಾಚಿದ. ನಾನು ಮುಖ ತಿರುಗಿಸಿ ನಡೆದೆ.

ಬಸ್ಸಿಳಿದ ನಮ್ಮನ್ನು ಮಾವ ಬಂಡಿಯಲ್ಲಿ ಹೊಲಕ್ಕೆ ಕರೆದೊಯ್ದ. ಆ ವರ್ಷ ಜೋಳ ನನ್ನ ತಲೆಗಿಂತ ಎತ್ತರ ನಿಂತಿತ್ತು, ಕಡಲೆ ಹೂ ಬಿಟ್ಟಿತ್ತು. ಅತ್ತೆ ದೊಡ್ಡ ಪಾತ್ರೆಯಲ್ಲಿ ಭಜ್ಜಿ ಕುದಿಸುತ್ತಿದ್ದಳು. ಹುಣಸೆಯ ಹುಳಿ, ಸೊಪ್ಪು, ಹಸಿ ಕಾಳು ಎಲ್ಲ ಸೇರಿದ ಆ ವಾಸನೆಗೆ ಹೊಲವೇ ಹಸಿಯುತ್ತಿತ್ತು. ಮಕ್ಕಳೆಲ್ಲ ಬೇವಿನ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಆಡಿದರು. ನಾನೂ ಆಡಿದೆ. ಪೂಜೆಯ ಹೊತ್ತಾಯಿತು. ಅಪ್ಪ ಅವ್ವ ಬರಲಿಲ್ಲ.

"ಬರ್ತಾರ ತಗೀರಿ. ಅವನ ಗಾಡಿ ಅಂದ್ರ ಎಲ್ಲ್ಯಾರ ನಿಂತು ಒರಸ್ಕೋತ ಕೂತಿರ್ತಾನ," ಎಂದ ಮಾವ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಚರಗ ಚೆಲ್ಲಿ ಬಂದವರು ಊಟಕ್ಕೆ ಕೂತರು. ನನ್ನ ಎಲೆಯಲ್ಲಿ ಭಜ್ಜಿ ಆರಿ ಗಟ್ಟಿಯಾಯಿತು. ನಾನು ಹೊಲದ ಬದುವಿಗೆ ಹೋಗಿ ದಾರಿ ನೋಡುತ್ತ ನಿಂತೆ. ಆ ಸದ್ದಿಗಾಗಿ ಅಷ್ಟು ಕಿವಿಗೊಟ್ಟು ಜೀವಮಾನದಲ್ಲಿ ಇನ್ನೊಮ್ಮೆ ನಿಂತಿಲ್ಲ.

ಬಂದದ್ದು ಯಾರದೋ ಟ್ರ್ಯಾಕ್ಟರ್. ಕಮಲಾಪುರಕ್ಕೆ ಸ್ವಲ್ಪ ಮೊದಲು, ಏರಿನಲ್ಲಿ, ಗಾಡಿ ಓಡುತ್ತಿದ್ದ ಹಾಗೆಯೇ ಗಪ್ಪನೆ ಹಿಡಿದುಕೊಂಡಿತ್ತು. ಹಿಂದಿನ ಚಕ್ರ ನಿಂತು, ಜಾರಿ, ಮೂವರನ್ನೂ ರಸ್ತೆಗೆ ಕೆಡವಿತ್ತು. ಅಪ್ಪ ಬಸುವನ್ನು ತೋಳಲ್ಲಿ ಹಿಡಿದೇ ಬಿದ್ದದ್ದರಿಂದ ಅವನಿಗೆ ತುಟಿ ಒಡೆದದ್ದಷ್ಟೇ. ಅಪ್ಪನ ಮೊಣಕಾಲು ಸುಲಿದಿತ್ತು. ಅವ್ವ ಬುಟ್ಟಿ ಬಿಟ್ಟು ಅಂಗೈ ಊರಿದ್ದಳು. ಅವಳ ಬಲಗೈಯನ್ನು ಟಾಕಿಯ ಮೇಲಿನ ಆ ಟವೆಲ್‌ನಲ್ಲೇ ಸುತ್ತಿ ಕಟ್ಟಿದ್ದರು. ಅಪ್ಪ ಕುಂಟುತ್ತ ಇಳಿದು ನನ್ನನ್ನು ನೋಡಿ ಮೊದಲು ಕೇಳಿದ್ದು, "ಊಟ ಮಾಡಿದೇನವ್ವ?"

ಹಬ್ಬದ ದಿನ ದವಾಖಾನೆ ಮುಚ್ಚಿತ್ತು, ಮಾವ ಅವ್ವನನ್ನು ಹತ್ತಿರದ ಹಳ್ಳಿಯ ಎಲುಬು ಕಟ್ಟುವವರ ಬಳಿ ಕರೆದೊಯ್ದ. ತಿಂಗಳ ಮೇಲೆ ಬಿದಿರ ಚಕ್ಕೆ ಬಿಚ್ಚಿದಾಗ ಮಣಿಕಟ್ಟು ಸೊಟ್ಟಗೆ ಕೂಡಿತ್ತು. ಬರೆಯಬಹುದು, ಉಣ್ಣಬಹುದು, ರೊಟ್ಟಿ ಮಾತ್ರ ಬಡಿಯಲಾಗದು.

ಗಾಡಿಯನ್ನು ರೋಜಾದ ಕಡೆ ಗ್ಯಾರೇಜಿದ್ದ ಮೆಹಬೂಬ್ ಚಾಚಾನ ಬಳಿ ಹಾಕಿದರು. ಅದನ್ನು ಬಿಚ್ಚಿದ ದಿನ ಅಪ್ಪನ ಜೊತೆ ನಾನೂ ಹೋಗಿದ್ದೆ. ಚಾಚಾ ಪಿಸ್ಟನ್ ತೆಗೆದು ಬೆಳಕಿಗೆ ಹಿಡಿದ. ಅದರ ಮೈತುಂಬ ಗೀರು.

"ಸಾಬ್, ಇದರಾಗ ತೇಲ್ ಬಿಲ್ಕುಲ್ ಹಾಕಿಲ್ಲ ನೋಡ್ರಿ. ಯಾರು ಹಾಕ್ತಾರ ನಿಮ್ಮ ಮನ್ಯಾಗ?"

ನಾನು ಅಪ್ಪನ ಹಿಂದೆ ಸರಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ.

"ನಾನೇ ಚಾಚಾ. ಹಬ್ಬದ ಗಡಿಬಿಡಿ ನೋಡು, ಮರತೆ," ಎಂದ ಅಪ್ಪ.

"ನೀವು ಮರೀತೀರಿ ಅಂದ್ರ ನಂಬಾಕ ಆಗಲ್ರಿ," ಎಂದು ಚಾಚಾ ತಲೆ ಅಲ್ಲಾಡಿಸಿದ.

ಮನೆಗೆ ನಡೆದು ಬಂದೆವು. ಅಪ್ಪ ನನ್ನ ಕೈ ಹಿಡಿದೇ ಇದ್ದ. ಮನೆಗೆ ಹೋದ ಮೇಲೆ ಕೇಳುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಕೇಳಲಿಲ್ಲ. ಒಂದು ಏಟು ಬಿದ್ದಿದ್ದರೆ ಅತ್ತು, ಹೇಳಿ, ಮುಗಿಸಿಬಿಡುತ್ತಿದ್ದೆ. ಗಾಡಿ ರಿಪೇರಿಯಾಗಿ ಬಂದ ಮೇಲೆ ಅಪ್ಪ ಎಣ್ಣೆಯನ್ನು ತಾನೇ ಹಾಕತೊಡಗಿದ. ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅವನು ಸುರಿದು, ಅಲುಗಿಸಿ, ನನ್ನ ಕಡೆ ನೋಡಿ ನಕ್ಕು ಒಳಗೆ ಬರುತ್ತಿದ್ದ. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಆದರೆ ಲೋಟವನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ.

ಅದೇ ಚಳಿಗಾಲದಲ್ಲಿ ಅಪ್ಪ ರೊಟ್ಟಿ ಬಡಿಯಲು ಕಲಿತ. ಅವ್ವ ಪಕ್ಕದಲ್ಲಿ ಕೂತು ಎಡಗೈಯಿಂದ ತೋರಿಸುವುದು, ಅಪ್ಪ ಹಿಟ್ಟು ನಾದುವುದು. ಮೊದಲ ವಾರ ಅಂಚು ಒಡೆದು ಹರಿದು ಹೋಗುತ್ತಿದ್ದವು. ಕಚೇರಿಗೆ ಹೋಗುವ ಮೊದಲು ದಿನಾ ಹತ್ತು ಹನ್ನೆರಡು ರೊಟ್ಟಿ. ನೆಂಟರು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದರು. ಅವ್ವ ಸೊಟ್ಟ ಕೈ ತೋರಿಸಿ ಎಲ್ಲರಿಗೂ ಹೇಳುತ್ತಿದ್ದಳು, "ಇವರ ಮರವು ನನ್ನ ಕೈ ತಿಂತ್ರಿ. ಮಾಡ್ಲಿ ಬಿಡ್ರಿ." ಅಪ್ಪ ಹಂಚಿನ ಮೇಲೆ ನೀರು ಸವರುತ್ತ, "ಹೌದು ಮತ್ತ," ಎನ್ನುತ್ತಿದ್ದ. ನಾನು ಆ ರೊಟ್ಟಿಯನ್ನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಅಪ್ಪ ಆ ಗಾಡಿ ಮಾರಲಿಲ್ಲ. ಮುಂದೆ ಮೂವತ್ತು ವರ್ಷ ಓಡಿಸಿದ. ಅವ್ವನ ಬೈಗುಳವೂ ಗಾಡಿಯ ಜೊತೆಗೇ ಓಡಿತು. ರೊಟ್ಟಿ ಸೀದರೆ, ಮಳೆಗೆ ಬಟ್ಟೆ ನೆನೆದರೆ, ಕೀಲಿ ಸಿಗದಿದ್ದರೆ, ಎಲ್ಲಕ್ಕೂ ಆ ಎಣ್ಣೆಯ ಮಾತು. ಮದುವೆಯಾದ ಮೇಲೆ ಒಮ್ಮೆ ಅಪ್ಪನ ಹಿಂದೆ ಕೂತು ಕಮಲಾಪುರಕ್ಕೆ ಹೋದೆ. ಆ ಏರು ಬಂದಾಗ ಅಪ್ಪ ಗಾಡಿ ನಿಧಾನ ಮಾಡಿದ. ನಾನು ಅವನ ಬೆನ್ನಿಗೆ ಬಾಗಿ "ಅಪ್ಪಾ" ಎಂದೆ.

"ಏನವ್ವ?"

"ಏನಿಲ್ಲ. ನಿಧಾನ ಹೋಗು."

ಅಪ್ಪ ತೀರಿ ಎರಡು ವರ್ಷವಾಯಿತು. ಅವ್ವ ಈಗ ಬಸುವಿನ ಜೊತೆ ಅದೇ ಓಣಿಯಲ್ಲಿದ್ದಾಳೆ, ನಾನು ನಾಲ್ಕು ಬೀದಿ ಆಚೆ. ಫೋಟೊಕ್ಕೆ ಹೂ ಏರಿಸುವಾಗಲೂ ಅವ್ವ ಬೈಯುವುದನ್ನು ಬಿಟ್ಟಿರಲಿಲ್ಲ. "ಒಂದು ಲೋಟ ಎಣ್ಣಿ ನೆಪ್ಪಿರಲಿಲ್ಲ ನಿಮಗ," ಎಂದು ಬೈದು, ಆಮೇಲೆ ಆ ದಿನದ ಸುದ್ದಿಯೆಲ್ಲ ಹೇಳುತ್ತಿದ್ದಳು: ಬಸುವಿನ ಮಗನ ಪರೀಕ್ಷೆ, ನಳಕ್ಕೆ ನೀರು ಬಾರದ್ದು, ಶಾಂತಕ್ಕನ ಮೊಣಕಾಲು ನೋವು. ದಿನವೂ ಬೆಳಿಗ್ಗೆ ಅವರಿಬ್ಬರ ಸಂಸಾರ ಹಾಗೆ ನಡೆಯುತ್ತಿತ್ತು.

ಕಳೆದ ಎಳ್ಳಮಾವಾಸ್ಯೆಯ ಬೆಳಿಗ್ಗೆ ನಾನು ಅಲ್ಲಿದ್ದೆ. ಅವ್ವ ಫೋಟೊದ ಮುಂದೆ ಅದೇ ಮಾತು ಶುರು ಮಾಡಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಖಾಲಿ ಲೋಟ, "ಹಾಕೀನಿ" ಎಂದ ಸುಳ್ಳು, ಗ್ಯಾರೇಜಿನಲ್ಲಿ ಅಪ್ಪ ಹೇಳಿದ್ದು.

ಅವ್ವ ತನ್ನ ಮಣಿಕಟ್ಟನ್ನು ಸವರಿಕೊಂಡಳು.

"ಅವರಿಗೆ ಗೊತ್ತಿತ್ತೇನು?"

"ಗೊತ್ತಿತ್ತವ್ವ. ಅವತ್ತೇ ಗೊತ್ತಾಗಿತ್ತು."

"ಒಂದು ಮಾತು ಹೇಳಲಿಲ್ಲ ನೋಡು," ಎಂದಳು. ನನ್ನನ್ನು ಬೈಯಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟಳು, ಅದೇ ಬಲಗೈ. "ನೀ ಸಣ್ಣಾಕಿ ಇದ್ದಿ," ಎಂದಳು. ನಾನು ಹನ್ನೊಂದು ವರ್ಷದವಳ ಹಾಗೆ ಅತ್ತೆ. ಮನಸ್ಸು ಹಗುರವಾಯಿತೆಂದು ಆ ಕ್ಷಣಕ್ಕೆ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಅವ್ವ ಫೋಟೊ ಒರೆಸಿದಳು, ಹೂ ಏರಿಸಿದಳು, ಕೈ ಮುಗಿದು ಸುಮ್ಮನೆ ಒಳಗೆ ಹೋದಳು. ಅದರ ಮರುದಿನವೂ ಹಾಗೆಯೇ. ಬೈಗುಳವಿಲ್ಲ. ಬೈಗುಳದ ಹಿಂದೆ ಬರುತ್ತಿದ್ದ ನಳದ ಸುದ್ದಿ, ಪರೀಕ್ಷೆಯ ಸುದ್ದಿ ಯಾವುದೂ ಇಲ್ಲ. ಒಂದು ದಿನ ಬಸು ನನ್ನನ್ನು ಹೊರಗೆ ಕರೆದು ಕೇಳಿದ, "ಅವ್ವ ಅಪ್ಪನ ಕೂಡ ಮಾತಾಡೂದು ಬಿಟ್ಟಾಳ. ಏನಾಗ್ಯದ?"

ನಾನು ಅವ್ವನನ್ನೇ ಕೇಳಿದೆ. ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ತಲೆ ಎತ್ತಲಿಲ್ಲ.

"ಯಾವ ಬಾಯಿಲೆ ಮಾತಾಡ್ಲಿ," ಎಂದಳು.