ಖಾಲಿ ಮನೆಗಳ ದೀಪದವನು

ಊರವರೆಲ್ಲ ಅವನನ್ನು ಸ್ವಿಚ್ಚಪ್ಪ ಅಂತಲೇ ಕರೆಯುತ್ತಿದ್ದರು. ಊರವರು ಅಂದರೆ ದೊಡ್ಡ ದಂಡೇನಲ್ಲ, ನೂರಾ ಎರಡು ಜನ. ಅದರಲ್ಲಿ ಅರವತ್ತು ದಾಟಿದವರೇ ತೊಂಬತ್ತು. ಲೈನ್‌ಮನ್ ಆಗಿ ಬಂದವನಿಗೆ ಕೊನೆಗೆ ಗಂಟುಬಿದ್ದ ಕೆಲಸವನ್ನು ಬೇರೆ ಯಾವ ಲೈನ್‌ಮನ್ನೂ ಕೇಳಿರಲಿಕ್ಕಿಲ್ಲ. ಸಂಜೆಯಾಗುತ್ತಲೇ ಬೀಗದ ಕೈಗಳ ಗೊಂಚಲು ಹಿಡಿದು ಹೊರಟು, ನದಿಗೆ ಮುಖಮಾಡಿದ ನಲವತ್ತು ಖಾಲಿ ಮನೆಗಳಲ್ಲಿ ದೀಪ ಹಾಕಬೇಕು. ವಾರಕ್ಕೆರಡು ಸಲ ಹಿತ್ತಿಲ ತಂತಿಗಳ ಮೇಲೆ ಅಂಗಿ, ಚಡ್ಡಿ, ಮಗುವಿನ ಫ್ರಾಕು ಒಣಹಾಕಬೇಕು.

ಆ ನದಿ ಎರಡು ದೊಡ್ಡ ದೇಶಗಳ ಗಡಿ. ಇಡೀ ಗಡಿಯಲ್ಲಿ ಬೆಟ್ಟ ತಗ್ಗಿ, ನೀರು ಮೊಣಕಾಲಿಗೆ ಇಳಿಯುವುದು ಇಲ್ಲೊಂದೇ ಕಡೆ. ಇಲ್ಲಿ ದಾಟಿದವನಿಗೆ ರಾಜಧಾನಿಯ ತನಕ ಬರೀ ಬಯಲು. ಈಚೆ ನೆಲ ಹೆಚ್ಚು, ತಲೆ ಕಡಿಮೆ. ಆಚೆ ತಲೆ ಹೆಚ್ಚು, ನೆಲ ಕಡಿಮೆ. ಖಾಲಿ ಜಾಗ ಕಂಡರೆ ಅವರು ಬಂದು ಕೂತುಬಿಡುತ್ತಾರೆ ಅಂತ ಗಡಿ ಕಚೇರಿಯ ಸಾಹೇಬರಿಗೆ ಭಯ. ಹರೆಯದವರು ಪಟ್ಟಣ ಸೇರಿ ಇಪ್ಪತ್ತು ವರ್ಷವಾಯಿತು, ಶಾಲೆಗೆ ಬೀಗ ಬಿತ್ತು, ಆಸ್ಪತ್ರೆಯೂ ಎದ್ದುಹೋಯಿತು. ದೀಪಕ್ಕೆ ಮಾತ್ರ ಕೊರತೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ದೇಶಗಳೆರಡೂ ಹೊಡೆದಾಡಿಕೊಂಡು ಹಾಳಾಗಿ ಹೋಗಲಿ, ಸ್ವಿಚ್ಚಪ್ಪನಿಗೆ ಬೇಕಾಗಿದ್ದು ಒಂದು ವರ್ಗಾವಣೆ. ಹೆಂಡತಿಯ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಡಯಾಲಿಸಿಸ್, ಪ್ರತಿ ಸಲವೂ ಹೋಗಿಬರಲು ಏಳು ತಾಸು ಬಸ್ಸು. ಇಳಿದವಳು ಮನೆ ತನಕ ನಡೆಯಲಾರದೆ ಬಸ್‌ಸ್ಟಾಪಿನಲ್ಲೇ ಕೂತುಬಿಡುತ್ತಿದ್ದಳು. ಮಗಳ ಮನೆ ಪಟ್ಟಣದ ಆಸ್ಪತ್ರೆಯ ಎದುರಿಗೇ ಇತ್ತು. ನೀನೊಬ್ಬಳೇ ಹೋಗಿರು ಅಂದರೆ, "ನೀನಿಲ್ದೆ ಅಳಿಯನ ಮನೇಲಿ ಹಾಸಿಗೆ ಹಿಡೀಲಾ?" ಅನ್ನುತ್ತಿದ್ದಳು. ಕೆಲಸ ಬಿಟ್ಟರೆ ಇಲಾಖೆಯ ಖರ್ಚಿನ ಚಿಕಿತ್ಸೆಯೂ ನಿಲ್ಲುತ್ತಿತ್ತು. ನಾಲ್ಕು ಅರ್ಜಿ ಹಾಕಿದ. ನಾಲ್ಕು ಸಲವೂ ಸಾಹೇಬರು ಹೇಳಿದ್ದು ಒಂದೇ ಮಾತು: "ಆಚೆ ದಡದಲ್ಲಿ ಅಷ್ಟು ಜನ ಇರೋ ತನಕ ನಿನ್ನ ಬಿಡೋಕಾಗಲ್ಲಪ್ಪ."

ಒಂದು ಸಂಜೆ ಕಂಬ ಹತ್ತಿದ್ದವನು ಆಚೆ ದಡ ನೋಡಿದ. ಮೂರು ದಿನದ ಮಳೆಯಲ್ಲಿ ಅಲ್ಲಿನ ಬಟ್ಟೆಗಳು ತೊಯ್ದು ತೊಪ್ಪೆಯಾಗಿ ತಂತಿಯ ಮೇಲೇ ಇದ್ದವು, ಎತ್ತಿಡುವವರಿಲ್ಲ. ಅಷ್ಟರಲ್ಲಿ ದೀಪಗಳು ಹೊತ್ತಿಕೊಳ್ಳತೊಡಗಿದವು. ಎಡಗಡೆಯಿಂದ ಒಂದೊಂದಾಗಿ, ಒಂದು ಬೀಗ ಹಾಕಿ ಮುಂದಿನ ಬಾಗಿಲಿಗೆ ನಡೆಯಲು ಬೇಕಾದಷ್ಟೇ ಹೊತ್ತು ಬಿಟ್ಟು. ಹತ್ತು ವರ್ಷ ಅದೇ ಹೆಜ್ಜೆ ಹಾಕಿದವನಿಗೆ ಬಿಡಿಸಿ ಹೇಳಬೇಕೆ? ಕಂಬದ ಮೇಲೇ ಬಿದ್ದು ಬಿದ್ದು ನಕ್ಕ.

ಮರುದಿನ ಕಚೇರಿಗೆ ಓಡಿದ. "ಸಾರ್, ಅಲ್ಲೂ ಯಾರೂ ಇಲ್ಲ! ನನ್ನಂಥೋನೇ ಒಬ್ಬ ಸ್ವಿಚ್ ಹಾಕ್ಕೊಂಡು ಓಡಾಡ್ತಾನೆ. ಅವರ ಹುಡುಗ್ರೂ ಊರು ಬಿಟ್ಟಿದಾರೆ."

ಸಾಹೇಬರು ಎದ್ದು ಕೈಕುಲುಕಿದರು, ಎದುರು ಕೂರಿಸಿ ಚಹಾ ಕುಡಿಸಿದರು. ಸ್ವಿಚ್ಚಪ್ಪ ಮನೆಗೆ ಬಂದವನೇ ಹೆಂಡತಿಗೆ ಪೆಟ್ಟಿಗೆ ಕಟ್ಟು ಅಂದ. ಅವಳು ಎಷ್ಟೋ ತಿಂಗಳ ಮೇಲೆ ಗುನುಗುತ್ತಾ ಬಟ್ಟೆ ಮಡಿಸಿದಳು.

ಎಂಟನೇ ದಿನ ಆದೇಶ ಬಂತು. ಶತ್ರುವಿನ ಮೋಸ ಬಯಲಾದ ಕಾರಣ ನಾವು ಅವರಿಗಿಂತ ಮುಂದಿರಬೇಕು. ಇನ್ನೂ ನಲವತ್ತು ಮನೆ ಕಟ್ಟಿಸಲಾಗುವುದು. ಈ ಕೆಲಸದ ಒಳಗುಟ್ಟು ಬಲ್ಲವನು ಇವನೊಬ್ಬನೇ ಆದ್ದರಿಂದ ನಿವೃತ್ತಿಯ ತನಕ ವರ್ಗಾವಣೆ ಇಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ, ಬಡಪಾಯಿ. ಕಾಗದವನ್ನು ಮುದುರಿ ಎಸೆದ, ಮತ್ತೆ ಹೆಕ್ಕಿ ತಂದು ಅವಳಿಗೆ ಓದಿ ಹೇಳಿದ.

"ನಿವೃತ್ತಿಗೆ ಎಷ್ಟು ವರ್ಷ ಇದೆ?" ಕೇಳಿದಳು.

"ಮೂರು."

"ಡಾಕ್ಟ್ರು ನನಗೆ ಅಷ್ಟು ಹೇಳಿಲ್ಲ."

ಅವಳು ಪೆಟ್ಟಿಗೆ ತೆರೆದು, ಅವನ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟಳು. ತನ್ನವನ್ನು ಹಾಗೇ ಬಿಟ್ಟು ಮುಚ್ಚಿದಳು.