ಸಪ್ಪಕ್ಕ ಸೇರಿಸಿದ ಪ್ರಶ್ನೆ

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಪಥ್ಯದ ಊಟ ಬೇಯಿಸಿದವಳಿಗೆ ರೋಗಿಗಳು ಇಟ್ಟ ಹೆಸರು ಸಪ್ಪಕ್ಕ. “ಉಪ್ಪಿಗಿಂತ ರುಚಿ ಬೇರೆ ಇಲ್ಲ ಅಂತಾರಕ್ಕ” ಎಂದು ಯಾರಾದರೂ ಗೊಣಗಿದರೆ, “ಗಾದೆ ಮನೆಗೆ ಹೋಗಿ ತಿನ್ನು, ಇಲ್ಲಿ ಇದನ್ನ ತಿನ್ನು” ಎಂದು ತಟ್ಟೆಯಿಟ್ಟು ಮುಂದಿನ ಹಾಸಿಗೆಗೆ ನಡೆಯುತ್ತಿದ್ದಳು. ನಿವೃತ್ತಿಯಾದ ಮೇಲೆ ತಂಗಿಯ ಮನೆಯ ಹಿಂದಿನ ಕೋಣೆಗೆ ಬಂದಳು.

ತಂಗಿಯ ಮಗಳದು ಮೊಬೈಲ್ ಆ್ಯಪ್‌ಗಳ ವಿನ್ಯಾಸದ ಕೆಲಸ. ಆ ವರ್ಷ ಅವಳ ಕಂಪನಿ ಕೈಗೆತ್ತಿಕೊಂಡದ್ದು, ಅವರವರ ಮೈಗೂ ಜೇಬಿಗೂ ಒಗ್ಗುವ ವಾರದ ಊಟವನ್ನು ಗೊತ್ತುಮಾಡಿಕೊಡುವ ಆ್ಯಪ್. ವಯಸ್ಸೆಷ್ಟು, ತೂಕವೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ಎಷ್ಟು ಖರ್ಚು ಮಾಡಬಲ್ಲಿರಿ. ನಾಲ್ಕೇ ಪ್ರಶ್ನೆ, ಅರ್ಧ ನಿಮಿಷದಲ್ಲಿ ಪಟ್ಟಿ ಸಿದ್ಧ.

“ಇಷ್ಟು ಬೇಗನಾ?” ಎಂದಳು ಸಪ್ಪಕ್ಕ. “ನಮ್ಮಲ್ಲಿ ಡಾಕ್ಟರ ಚೀಟಿ ಬರದೆ ಒಲೆ ಹಚ್ತಿರಲಿಲ್ಲ.”

“ದೊಡ್ಡಮ್ಮ, ಪ್ರಶ್ನೆ ಜಾಸ್ತಿ ಆದ್ರೆ ಜನ ಅರ್ಧಕ್ಕೇ ಬಿಟ್ಟು ಹೋಗ್ತಾರೆ.”

ಪರೀಕ್ಷೆಗೆಂದು ಆ್ಯಪ್ ಹಾಕಿಕೊಂಡ ಇಪ್ಪತ್ತು ಜನರಲ್ಲಿ ಎದುರು ಸಾಲಿನ ದರ್ಜಿಯೂ ಒಬ್ಬ. ನಾಲ್ಕನೇ ದಿನ ಕಿಟಕಿಯ ಪರದೆಗೆ ಅಂಚು ಹೊಲಿಸಲು ಹೋದ ಸಪ್ಪಕ್ಕನ ಕಣ್ಣು ಹೊಲಿಗೆ ಯಂತ್ರದ ಪಕ್ಕದ ತಟ್ಟೆಯ ಮೇಲೆ ಬಿತ್ತು. ಬೇಯಿಸಿದ ಆಲೂಗಡ್ಡೆ, ಸೊಪ್ಪು, ಎರಡು ಬಾಳೆಹಣ್ಣು. ದರ್ಜಿಯ ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು.

“ಕಿಡ್ನಿ ತೊಂದರೆ ಇದ್ಯಾ?”

“ಎರಡು ವರ್ಷ ಆಯ್ತಕ್ಕ. ಮೊಬೈಲು ಅದನ್ನ ಕೇಳ್ಲೇ ಇಲ್ಲ. ಇವು ಅಗ್ಗ, ಮೈಗೂ ಒಳ್ಳೇದು ಅಂತು.”

“ಡಾಕ್ಟರು ಇದೆಲ್ಲ ಬೇಡ ಅಂದಿರಲಿಲ್ವಾ?”

“ಅಂದಿದ್ರು. ಮೊಬೈಲ್‌ನವರು ಅವರಿಗಿಂತ ಹೊಸದಾಗಿ ಓದಿರ್ತಾರೇನೋ ಅಂದ್ಕೊಂಡೆ.”

ಮೈಯೆಲ್ಲ ನಿಶ್ಶಕ್ತಿ, ಎದೆ ಒಂದೊಂದು ಸಲ ತಾಳ ತಪ್ಪುತ್ತದೆ ಎಂದೂ ಹೇಳಿದ. ಸಪ್ಪಕ್ಕ ತಟ್ಟೆ ಎತ್ತಿಟ್ಟಳು, ಅಂಗಡಿಯ ಬಾಗಿಲೆಳೆದಳು, ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಲೂಗಡ್ಡೆ, ಸೊಪ್ಪು, ಬಾಳೆಹಣ್ಣಿನಲ್ಲಿರುವ, ಸೋತ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿತ್ತು. ಮೂರು ದಿನ ಇರಿಸಿಕೊಂಡು ಕಳಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಸುದ್ದಿ ಕೇಳಿದ ಹುಡುಗಿ ಮಾರನೆಯ ಬೆಳಗ್ಗೆ ದೊಡ್ಡಮ್ಮನನ್ನು ಕಚೇರಿಗೆ ಕರೆದೊಯ್ದಳು. ಗಾಜಿನ ಕೋಣೆಯಲ್ಲಿ ಕಂಪನಿಯ ಮುಖ್ಯಸ್ಥ, “ವೈದ್ಯರನ್ನ ಕೇಳಿ ಅಂತ ಷರತ್ತುಗಳಲ್ಲಿ ಬರೆದಿದ್ದೀವಲ್ಲ” ಎಂದ.

“ಎಲ್ಲಿ, ತೋರಿಸಿ.”

ಅವನ ಬೆರಳು ಮೊಬೈಲ್ ಪರದೆಯನ್ನು ಒಂಬತ್ತು ಸಲ ಸರಿಸಿದ ಮೇಲೆ ಆ ಸಾಲು ಸಿಕ್ಕಿತು.

“ನಂಗೆ ಕನ್ನಡಕ ಇದೆ ಸ್ವಾಮಿ. ಇದಕ್ಕೆ ದುರ್ಬೀನೇ ಬೇಕು” ಎಂದಳು ಸಪ್ಪಕ್ಕ. ಯಾರೋ ನಕ್ಕರು. ಹುಡುಗಿ ನಗಲಿಲ್ಲ. “ನಾಲ್ಕೇ ಪ್ರಶ್ನೆ ಸಾಕು ಅಂದವಳು ನಾನು. ಇದು ಸರಿಹೋಗೋವರೆಗೂ ಹೊರಗೆ ಬಿಡೋದು ಬೇಡ” ಎಂದಳು. ಮುಖ್ಯಸ್ಥ ಆ ಸಾಲನ್ನು ಇನ್ನೊಮ್ಮೆ ಓದಿ, ಆಗಲಿ ಎಂದ.

ಆ್ಯಪ್ ಮೂರು ತಿಂಗಳು ತಡವಾಗಿ ಹೊರಬಂತು. ಈಗ ಅದು ಮೊದಲು ಕೇಳುವುದು, “ಡಾಕ್ಟರು ನಿಮಗೆ ಏನು ತಿನ್ನಬೇಡಿ ಅಂದಿದ್ದಾರೆ?” ಮಾತು ಸಪ್ಪಕ್ಕನದೇ. ಕಿಡ್ನಿ ಎಂದು ಒತ್ತಿದವರಿಗೆ ಪಟ್ಟಿ ಕೊಡದೆ ಆಸ್ಪತ್ರೆಯ ಪಥ್ಯ ತಜ್ಞರನ್ನು ಕಾಣಲು ಹೇಳುತ್ತದೆ. ಆ ಪ್ರಶ್ನೆಗೇ ಬೇಸತ್ತು ಬಿಟ್ಟುಹೋಗುವವರು ನೂರಕ್ಕೆ ಹದಿನೈದು ಮಂದಿ. ಕಂಪನಿ ಅದನ್ನು ಒಪ್ಪಿಕೊಂಡಿದೆ. ದರ್ಜಿ ಚೇತರಿಸಿಕೊಂಡು ಅಂಗಡಿ ತೆರೆದ. ಸಪ್ಪಕ್ಕ ವಾರಕ್ಕೆರಡು ಬೆಳಗ್ಗೆ ಕಚೇರಿಗೆ ಹೋಗಿ, ಮುದ್ರಿಸಿಟ್ಟ ಊಟದ ಪಟ್ಟಿಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾಳೆ.