ಮೊಲೆ ಬಿಡಿಸಿದ ವಾರ

ನನ್ನ ಮಗಳಿಗೆ ಎರಡು ವರ್ಷ ತುಂಬಲು ಇನ್ನೂ ಒಂದೂವರೆ ತಿಂಗಳಿದ್ದಾಗ ನನಗೆ ಅವಳನ್ನು ಕಂಡರೆ ಹೇಸಿಗೆಯಾಗುತ್ತಿತ್ತು. ಹೀಗೆ ಹೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಹೆತ್ತವಳಿಗೆ ಮಗುವಿನ ಗಲೀಜೆಲ್ಲ ಗಂಧವಿದ್ದಂತೆ ಎನ್ನುವವರನ್ನು ಚಳ್ಳಕೆರೆಯ ನಮ್ಮ ಮನೆಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಆ ಕೂಸನ್ನು ಕೈಗೆ ಕೊಟ್ಟು ಒಂದು ವಾರ ಬಿಡಬೇಕು. ಆಮೇಲೆ ಗಂಧವೋ ಮತ್ತೊಂದೋ ಅವರೇ ಹೇಳಲಿ.

ಅವಳ ಮೂಗು ವರ್ಷದಲ್ಲಿ ಹತ್ತು ತಿಂಗಳು ಸುರಿಯುತ್ತಿತ್ತು. ಒರೆಸಲು ಹೋದರೆ ಮುಖ ತಿರುಗಿಸುವಳು. ಒಂದು ಗಳಿಗೆ ಬಿಟ್ಟು ತಾನೇ ಬಂದು ನನ್ನ ಸೀರೆಗೆ ಒರೆಸುವಳು. ಮಂಡಕ್ಕಿಯನ್ನು ಬಾಯಿ ತುಂಬ ತುಂಬಿಕೊಂಡು, ಮೆತ್ತಗಾಗುವ ತನಕ ಅಗಿದು, ಬೇಡವೆನ್ನಿಸಿದಾಗ ನನ್ನ ಅಂಗೈ ಹಿಡಿದು ಬಿಡಿಸಿ ಅದರಲ್ಲಿ ಬಲು ಮರ್ಯಾದೆಯಿಂದ ಉಗಿಯುವಳು. ಮನೆಗೆ ಬಂದವರ ಚಪ್ಪಲಿಯ ಬಾರು ಚೀಪುವಳು. ನನ್ನ ಗಂಡ ಶೇಂಗಾ ಹಿಂಡಿಯ ವ್ಯಾಪಾರದವರು. ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಆ ಹಿಂಡಿಯ ಚೂರು ಅವರ ಜೇಬಿನಲ್ಲಿ ಯಾವಾಗಲೂ ಇರುತ್ತದೆ, ಮಾದರಿಗೆ ಅಂತ. ಸಂಜೆ ಅವರು ಬಂದು ಅಂಗಿ ತೂಗುಹಾಕಿದರೆ ಸಾಕು, ಇವಳು ಕುರ್ಚಿ ಹತ್ತಿ ಅದನ್ನು ತೆಗೆದು ತಿನ್ನುವಳು. ಒಂದು ಮಧ್ಯಾಹ್ನ ಬಾಗಿಲ ಹಿಂದೆ ಕಕ್ಕ ಮಾಡಿ, ಗೋಡೆಗೆ ಬಳಿದು, ಅಡುಗೆಮನೆಗೆ ಬಂದು ನನ್ನ ಬೆರಳು ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಥೂ, ಅವತ್ತು ನನಗೆ ಊಟ ಸೇರಲಿಲ್ಲ.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಇದ್ದದ್ದು ಅವಳು ಹಾಲು ಕುಡಿಯುವುದು. ಸಣ್ಣ ಕೂಸಾಗಿದ್ದಾಗ ಮಡಿಲಲ್ಲಿ ಮಲಗಿ ಕುಡಿಯುತ್ತಿದ್ದಳು, ಸರಿ. ಈಗ ನಡೆಯುವ, ಓಡುವ, ಬಾಯಿ ತುಂಬ ಹಲ್ಲಿರುವ ಪಿಳ್ಳೆ. ನಾನು ಕೂತಲ್ಲಿಗೆ ಬಂದು ನಿಂತುಕೊಂಡೇ ಕುಡಿಯುವಳು. ಒಂದನ್ನು ಕುಡಿಯುತ್ತ ಮಣ್ಣು ಮೆತ್ತಿದ ಬೆರಳುಗಳಿಂದ ಇನ್ನೊಂದನ್ನು ತಿರುಚುವಳು. ನಡುವೆ ಬಿಟ್ಟು ಹೋಗಿ, ಒಂದು ಬಿಸ್ಕತ್ತು ಕಚ್ಚಿ, ಆ ಚೂರುಗಳ ಬಾಯಲ್ಲೇ ವಾಪಸು ಬಂದು ಮತ್ತೆ ಬಾಯಿ ಹಾಕುವಳು. ಅರ್ಧ ಗಂಟೆಗೊಮ್ಮೆ ಇದೇ ಕತೆ. ಅನ್ನ ಬೇಡ, ರಾಗಿ ಗಂಜಿ ಬೇಡ, ಲೋಟದ ಹಾಲು ಬೇಡ. ನಾನು ಬೀದಿಯ ನಲ್ಲಿಯಾಗಿಬಿಟ್ಟಿದ್ದೆ. ಬೆವರು, ಹುಳಿ ಹಾಲು, ಜೊಲ್ಲು ಎಲ್ಲ ಸೇರಿದ ನನ್ನ ಮೈಯ ವಾಸನೆ ನನಗೇ ಹಿಡಿಸುತ್ತಿರಲಿಲ್ಲ. ಅವಳ ಕೈ ಎದೆಯ ಹತ್ತಿರ ಬಂದರೆ ಹಲ್ಲಿ ಮೇಲೆ ಬಿದ್ದ ಹಾಗೆ ಮೈ ಜುಮ್ಮೆನ್ನುತ್ತಿತ್ತು.

ಜೂನ್ ಮೊದಲ ವಾರ ನಾನು ಮತ್ತೆ ಶಾಲೆಗೆ ಹೋಗಬೇಕಿತ್ತು. ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು ನಾನು. ಎರಡು ವರ್ಷ ಬಿಟ್ಟಿದ್ದೆ. ಈ ಸಲವೂ ಬರುವುದಿಲ್ಲವೆಂದರೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಶಾಲೆಯವರು ಹೇಳಿಯಾಗಿತ್ತು. ಇವಳು ಹಾಲು ಬಿಡದೆ ನಾನು ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ಕೆಲಸ ಒಂದು ನೆಪ. ನನ್ನ ಮೈ ನನಗೆ ವಾಪಸು ಬೇಕಿತ್ತು, ಅಷ್ಟೆ.

ಮೇ ತಿಂಗಳಲ್ಲಿ ಒಂದು ದಿನ ಮನೆಗೆ ನೆಂಟರು ಬಂದಿದ್ದರು. ನಾನು ಬಗ್ಗಿ ಟೀ ಕೊಡುವಾಗ ಇವಳು ಎಲ್ಲಿಂದಲೋ ಬಂದು ಕೊರಳಿಗೆ ಜೋತುಬಿದ್ದು ರವಿಕೆಯೊಳಗೆ ಕೈ ಹಾಕಿ "ಆಲು" ಅಂದಳು. ಅವಳ ಬಾಯಲ್ಲಿ ಹಾಲಿಗೆ ಆಲು. ಬಂದ ಹಿರಿಯರು ಗೋಡೆಯ ಕ್ಯಾಲೆಂಡರನ್ನು ಬಲು ಆಸಕ್ತಿಯಿಂದ ಓದತೊಡಗಿದರು. ನನ್ನ ಗಂಡ ನಕ್ಕರು. "ಕೂಸಲ್ವೇನೇ, ಅದಕ್ಕೇನು ಗೊತ್ತಾಗುತ್ತೆ" ಅಂದರು. ನನಗೆ ಪಿತ್ತ ನೆತ್ತಿಗೇರಿತು.

"ನಿಮ್ಗೇನ್ರಿ, ನಗ್ತೀರ," ಅಂದೆ ನೆಂಟರು ಹೋದ ಮೇಲೆ. "ನಿಮ್ಮ ಅಂಗಿಯೊಳಗೆ ಹಿಂಗೆ ದಿನಕ್ಕೆ ಮೂವತ್ತು ಸಲ ಕೈ ಹಾಕಿದ್ರೆ ಗೊತ್ತಾಗ್ತಿತ್ತು."

ಅತ್ತೆ ಆಗ ನನ್ನ ಕಡೆ ಬಂದರು. ಅದು ಅಪರೂಪ. "ಸಾಕು ಬಿಡವ್ವಾ, ಎರಡು ವರ್ಷ ಕುಡ್ಸಿದ್ದೀಯ. ಬೇವು ಅರೆದು ಹಚ್ಕಳನ. ಒಂದ್ ಸಲ ಬಾಯಿಟ್ರೆ ಸಾಕು, ಆ ಕಡೆ ತಿರುಗೀನೂ ನೋಡಲ್ಲ. ನನ್ನ ಮಕ್ಳಿಗೆಲ್ಲ ಹಂಗೇ ಬಿಡಿಸಿದ್ದು."

ಸೋಮವಾರ ಶಿವನ ವಾರ, ಅವತ್ತು ಕೂಸಿನ ಬಾಯಿಂದ ಹಾಲು ಕಸಿಯಬಾರದು ಎಂದರು. ಮಂಗಳವಾರವೂ ಬೇಡ. ಬುಧವಾರ ಬೆಳಿಗ್ಗೆ ಹಿತ್ತಲ ಬೇವಿನಮರದ ಎಲೆ ತರಿಸಿ, ಒರಳಲ್ಲಿ ಹಾಕಿ, ನುಣ್ಣಗೆ ಅರೆದು ಗಟ್ಟಿ ಹಸಿರು ಮುದ್ದೆ ಮಾಡಿಕೊಟ್ಟರು. ನಾನು ಹಚ್ಚಿಕೊಂಡು ಗೋಡೆಗೆ ಒರಗಿ ಕೂತೆ. ಅತ್ತೆ ಎದುರಿಗೆ ಮಣೆ ಹಾಕಿಕೊಂಡು ಕೂತರು. ಮಗಳು ಬಂದಳು. ಸೆರಗು ಸರಿಸಿದಳು. ಹಸಿರು ಬಣ್ಣ ನೋಡಿ ಒಂದು ಕ್ಷಣ ತಡೆದಳು. ಬಾಯಿಟ್ಟಳು.

ಅತ್ತೆ ನನಗೆ ಕಣ್ಣು ಹೊಡೆದರು, ಈಗ ನೋಡು ಎನ್ನುವ ಹಾಗೆ.

ಮಗಳು ನಾಲಿಗೆಯನ್ನು ಎರಡು ಸಲ ಚಪ್ಪರಿಸಿದಳು. ಆಮೇಲೆ ಆ ಬೇವನ್ನೆಲ್ಲ ಒಂದು ಚೂರೂ ಬಿಡದ ಹಾಗೆ ನೆಕ್ಕಿ, ಹಾಲು ಕುಡಿದು, ಎದ್ದು ನಿಂತು ಇನ್ನೊಂದು ಕಡೆಯದನ್ನೂ ನೆಕ್ಕಲು ಬಂದಳು. ಗಲ್ಲ ಮೂಗು ಎಲ್ಲ ಹಸಿರು. ಅತ್ತೆ ಬಾಯಿ ತೆರೆದುಕೊಂಡು ಕೂತಿದ್ದರು.

ನನಗೆ ಹೊಳೆದದ್ದು ಆಗ. ಮೂರು ತಿಂಗಳ ಕೂಸಾಗಿದ್ದಾಗಿನಿಂದ, ಎಣ್ಣೆ ನೀರು ಹಾಕಿದ ದಿನವೆಲ್ಲ, ಅತ್ತೆ ಅವಳಿಗೆ ಬಜೆಬೇರು, ಅಳಲೆಕಾಯಿ ಕಲ್ಲಿನ ಮೇಲೆ ತೇಯ್ದು ನೆಕ್ಕಿಸಿದ್ದರು. ತೇಯುವುದು ನೀರಲ್ಲಲ್ಲ, ನನ್ನ ಎದೆಹಾಲಿನಲ್ಲಿ. ಆರು ತಿಂಗಳು ಕಳೆದ ಮೇಲೆ ಜಂತುಹುಳಕ್ಕೆಂದು ವಾರಕ್ಕೊಮ್ಮೆ ಬೇವಿನ ಚಿಗುರಿನ ಸಣ್ಣ ಉಂಡೆ ಬೇರೆ. ಕಹಿಯೂ ಹಾಲೂ ಬೆರೆತ ರುಚಿ ಅವಳಿಗೆ ಹೊಸದಲ್ಲ, ಅದೇ ಅವಳ ಮೊದಲ ಊಟ.

"ಎರಡು ವರ್ಷ ಕಹಿ ತಿನ್ಸಿ ತಿನ್ಸಿ ನೀವೇ ಪಳಗಿಸಿದ್ದೀರಲ್ರಿ ಅತ್ತೆ," ಅಂದೆ. "ಈಗ ಬೇವು ಅಂದ್ರೆ ಅವಳಿಗೆ ಸಜ್ಜಿಗೆ."

"ನಾನೇನು ಕಂಡಿದ್ನಾ," ಅಂದರು ಅತ್ತೆ. "ಹೊಟ್ಟೆ ನೆಟ್ಟಗಿರ್ಲಿ ಅಂತ ಮಾಡ್ದೆ. ನನ್ನ ಮಕ್ಳಿಗೆ ಬಜೆ ಗಿಜೆ ತೇಯಾಕೆ ನಂಗೆಲ್ಲಿ ಪುರುಸೊತ್ತಿತ್ತು."

ಮರುದಿನ ಹೆಂಚಿನ ಮಸಿ ಹಚ್ಚಿಕೊಂಡೆ. ಅವಳು ಅದನ್ನು ಬೆರಳಿಂದ ತೆಗೆದು ತನ್ನ ಹಣೆಗೆ ಇಟ್ಟುಕೊಂಡು ಕುಡಿದಳು. ಯಾರೋ ಖಾರದಪುಡಿ ಎಂದರು. ಅಷ್ಟು ಪಾಪಿ ನಾನಲ್ಲ. ಕೊನೆಗೆ ಕೂರಿಸಿಕೊಂಡು ಪಾಠ ಮಾಡಿದೆ. ಛೀ, ಕಕ್ಕ, ಗಲೀಜು ಎಂದು ಮುಖ ಕಿವುಚಿ ತೋರಿಸಿದೆ. ಅವಳು ನನ್ನ ಹಾಗೇ ಮುಖ ಕಿವುಚಿ "ಛೀ" ಅಂದಳು, ಕುಡಿದಳು, ಬಿಟ್ಟು ಮತ್ತೊಮ್ಮೆ "ಛೀ" ಅಂದಳು, ಮತ್ತೆ ಕುಡಿದಳು. ನನಗೆ ಅಳುವೂ ಬಂತು, ಎತ್ತಿ ಆಚೆ ಇಡಬೇಕೆನ್ನುವಷ್ಟು ಸಿಟ್ಟೂ ಬಂತು. ಇಟ್ಟೆ ಕೂಡ. ದೊಪ್ಪೆಂದು ಇಟ್ಟೆ.

ಉಳಿದದ್ದು ಒಂದೇ ದಾರಿ, ಮೊಳಕಾಲ್ಮೂರಿನ ನನ್ನ ತವರು. ಮೊಲೆ ಬಿಡಿಸಲು ಕೂಸನ್ನು ಅಜ್ಜಿಯ ಹತ್ತಿರ ಒಂದು ವಾರ ಬಿಟ್ಟು ಬರುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಬಸ್ಸಿನಲ್ಲಿ ಹೋಗುವಾಗ ಅವಳು ಎರಡು ಸಲ ಕುಡಿದು ಒಂದು ಸಲ ಅದನ್ನೆಲ್ಲ ನನ್ನ ಮಡಿಲಿಗೇ ಕಾರಿದಳು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಮೂಗು ಮುಚ್ಚಿಕೊಂಡು ಎದ್ದು ಬೇರೆ ಸೀಟಿಗೆ ಹೋದಳು. ಮೊಳಕಾಲ್ಮೂರು ಹತ್ತಿರದ ಹಾನಗಲ್ಲು ದಾಟುವ ತನಕ ನಾನು ಆ ಒದ್ದೆಯಲ್ಲೇ ಕೂತಿದ್ದೆ. ಇದೇ ಕೊನೆ, ಇನ್ನು ಇದು ಮುಗಿಯಿತು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಮನೆ ಸೇರಿದ ಮೇಲೆ ಅವ್ವನನ್ನು ಅಡುಗೆಮನೆಗೆ ಕರೆದು ಹೇಳಿದೆ.

"ಆಲು ಅಂತ ಕೇಳಿದ್ರೆ ಛೀ ಅನ್ನು. ನಿಮ್ಮಮ್ಮಂದು ಕಕ್ಕ, ಗಲೀಜು ಅನ್ನು. ದಿನಾ ಹೇಳು. ಅವಳಿಗೆ ನನ್ನ ಕಂಡ್ರೆ ಹೇಸಿಗೆ ಹುಟ್ಬೇಕು ನೋಡವ್ವಾ, ಅಲ್ಲಿಗಂಟ ಬಿಡಬೇಡ."

ಅವ್ವ ಕಾಳು ಕೇರುತ್ತಿದ್ದವಳು ತಲೆ ಎತ್ತಲಿಲ್ಲ. "ಹೂಂ, ನೀ ಹೊರಡು," ಅಂದಳು.

ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ನಡೆಯುತ್ತದೆ. ಮಗಳು ಅವರ ಬಾಗಿಲಲ್ಲಿ ನಿಂತು ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವುದನ್ನು ನೋಡುತ್ತಿದ್ದಳು. ನಾನು ಹಿಂದಿನ ಬಾಗಿಲಿಂದ ಹೊರಟುಬಂದೆ.

ಚಳ್ಳಕೆರೆಯ ಮನೆ ಅವತ್ತು ಎಷ್ಟು ಚೊಕ್ಕಟವಾಗಿತ್ತು. ಬಿಸಿ ಅನ್ನ ಬಿಸಿಯಿದ್ದಾಗಲೇ ಉಂಡೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಸ್ನಾನ ಮಾಡಿದೆ. ಇಸ್ತ್ರಿ ಸೀರೆ ಉಟ್ಟು ಕಾಲು ಚಾಚಿ ಮಲಗಿದೆ. ನನ್ನನ್ನು ಯಾರೂ ಮುಟ್ಟಲಿಲ್ಲ. ಸುಖವೆಂದರೆ ಇದೇ ಅನ್ನಿಸಿತು, ಮುಚ್ಚಿಡುವುದಿಲ್ಲ.

ಎರಡನೆಯ ದಿನ ಎದೆ ಕಲ್ಲಾಯಿತು. ಕೈ ಎತ್ತಲಾಗದು, ಮಗ್ಗುಲಾಗಲಾಗದು, ಮೈಯೆಲ್ಲ ಜ್ವರ. ಅತ್ತೆ ಮೊಳಗಟ್ಟಲೆ ಮಲ್ಲಿಗೆ ತರಿಸಿ ಎದೆಗೆ ಹಾಸಿ ಬಟ್ಟೆಯಿಂದ ಬಿಗಿದು ಕಟ್ಟಿದರು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆಯಂತೆ. ಸಂಜೆಯ ಹೊತ್ತಿಗೆ ಆ ಹೂವು ನನ್ನ ಕಾವಿಗೆ ಬೆಂದು, ಕಂದಿ, ಸೋರಿದ ಹಾಲಿನಲ್ಲಿ ಕೊಳೆತು ನಾರತೊಡಗಿತು. ನನ್ನ ಜನ್ಮದಲ್ಲಿ ಅಂಥ ವಾಸನೆ ಕಂಡಿಲ್ಲ. ಇವತ್ತಿಗೂ ಮದುವೆಮನೆಯಲ್ಲಿ ಮಲ್ಲಿಗೆ ದಂಡೆ ಕೊಟ್ಟರೆ ಬೇಡವೆಂದು ಪಕ್ಕದವರಿಗೆ ದಾಟಿಸುತ್ತೇನೆ. ತಡೆಯಲಾಗದೆ ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿದೆ. ಬೆಳಿಗ್ಗೆ ನೋಡಿದರೆ ಬಚ್ಚಲ ತೂಬಿನಿಂದ ಗೋಡೆಯುದ್ದಕ್ಕೂ ಇರುವೆ ಸಾಲು. ಅವಳಿಲ್ಲದಿದ್ದರೂ ಗಲೀಜು ಹೋಗಲಿಲ್ಲ. ಅದೆಲ್ಲ ನನ್ನ ಮೈಯಿಂದಲೇ ಬರುತ್ತಿತ್ತು. ಎದುರು ಮನೆಯ ಕೂಸು ಅತ್ತರೆ ಸಾಕು, ನನ್ನ ರವಿಕೆ ಒದ್ದೆ.

ದಿನಾ ಫೋನು ಮಾಡುತ್ತಿದ್ದೆ. "ಆರಾಮವಳೆ, ಉಣ್ತಾಳೆ," ಅನ್ನುತ್ತಿದ್ದಳು ಅವ್ವ. ಮಗಳ ದನಿ ಕೇಳಿಸು ಎಂದರೆ ಬೇಡವೆನ್ನುವಳು. "ನಿನ್ನ ದನಿ ಕೇಳಿದ್ರೆ ಮತ್ತೆ ಸುರು ಹಚ್ಕಂತಾಳೆ. ತಡಿ ಒಂದ್ ನಾಕ್ ದಿನ." ನನ್ನನ್ನು ಕೇಳುತ್ತಾಳಾ ಎಂದು ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವ್ವ ಹಾಲು ಉಕ್ಕುತ್ತೈತೆ ಎಂದು ಫೋನು ಇಟ್ಟಳು. ನಾನು ಹೇಳಿಕೊಟ್ಟ ಪಾಠ ಚೆನ್ನಾಗಿ ಹತ್ತಿದೆ, ಕೂಸಿಗೆ ನಾನೆಂದರೆ ಹೇಸಿಗೆ ಹುಟ್ಟಿಯಾಗಿದೆ ಅಂದುಕೊಂಡೆ. ನಾನು ಬೇಡಿದ್ದೂ ಅದನ್ನೇ. ಆದರೂ ಅವತ್ತು ಅತ್ತೆ ಬಡಿಸಿದ ಮುದ್ದೆಯನ್ನು ಹಾಗೇ ಮುಚ್ಚಿಟ್ಟು ಎದ್ದೆ.

ಎಂಟನೆಯ ದಿನ ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ. ಕಂಡ ಕೂಡಲೇ ಮೈಮೇಲೆ ಬಿದ್ದಾಳೆಂದು ಸೆರಗಿಗೆ ಎರಡು ಪಿನ್ನು ಹಾಕಿದ್ದೆ. ಅವಳು ಪಡಸಾಲೆಯಲ್ಲಿ ಕೂತು ತನ್ನ ಕೈಯಿಂದಲೇ ಅನ್ನ ಉಣ್ಣುತ್ತಿದ್ದಳು. ನನ್ನನ್ನು ನೋಡಿದಳು. ತಟ್ಟೆ ಬಿಟ್ಟು ಎದ್ದಳು, ಆದರೆ ಓಡಿಬರಲಿಲ್ಲ. ಮೆಲ್ಲಗೆ ಬಂದು, ಅಲ್ಲೇ ಕುಕ್ಕರಿಸಿ ಕೂತ ನನ್ನ ಮುಂದೆ ಒಂದು ಮೊಳ ದೂರ ನಿಂತು, ನನ್ನ ಎದೆಯನ್ನೇ ನೋಡಿದಳು. ಈಗ ಛೀ ಅನ್ನುತ್ತಾಳೆ ಎಂದು ಕಾದೆ.

ಅವಳು ಹತ್ತಿರ ಬಂದಳು. ಅನ್ನ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಸೆರಗಿನ ಮೇಲೆ ಬಾಯಿ ತಂದು ಉಫ್ ಎಂದು ಊದಿದಳು. ಇನ್ನೊಂದು ಕಡೆಗೂ ಊದಿದಳು. ನನ್ನ ಮುಖ ನೋಡಿ, "ಅಬ್ಬು ಓತಾ?" ಅಂದಳು.

ಮಕ್ಕಳ ಮಾತಿನಲ್ಲಿ ಅಬ್ಬು ಎಂದರೆ ಗಾಯ. ನಾನು ಅವ್ವನ ಕಡೆ ತಿರುಗಿದೆ.

"ನೀ ಹೇಳ್ದಂಗೇ ಹೇಳಾಕೆ ಹೋದೆ ಕಣೇ," ಅಂದಳು ಅವ್ವ. "ಬಾಯಿ ಬರ್ಲಿಲ್ಲ. ಹೆತ್ತವಳನ್ನ ಗಲೀಜು ಅಂತ ಕೂಸಿಗೆ ಹೆಂಗೆ ಹೇಳ್ಲಿ. ನಿಮ್ಮಮ್ಮಂಗೆ ಅಲ್ಲಿ ಅಬ್ಬು ಆಗೈತೆ, ನೀ ಕುಡುದ್ರೆ ನೋಯ್ತೈತೆ ಅಂದೆ. ಅವತ್ತೆಲ್ಲಾ ಅತ್ಲು, ತನಗೆ ಹಾಲಿಲ್ಲ ಅಂತ ಅಲ್ಲ. ಆಮ್ಯಾಲೆ ಕೇಳ್ಳೇ ಇಲ್ಲ. ದಿನಾ ಬಾಗಿಲಾಗೆ ಕೂತ್ಕಂಡು ಬಸ್ಸು ಹೋಗೋ ಕಡೆಗೆ ಊದೋಳು."

ನನ್ನ ಎದೆ ಜಿಲ್ಲೆಂದು ಹಾಲು ಇಳಿಯಿತು. ವಾರವೆಲ್ಲ ಕಟ್ಟಿ, ಹಿಂಡಿ, ಬತ್ತಿಸಿದ ಮೇಲೂ ಎಲ್ಲಿತ್ತೋ, ಸೆರಗು ದಾಟಿ ಒದ್ದೆಯಾಯಿತು. ನಾನು ಪಿನ್ನು ಕಿತ್ತು ಅವಳನ್ನು ಮಡಿಲಿಗೆ ಎಳೆದುಕೊಂಡೆ. "ಅಬ್ಬು ಹೋಯ್ತು ಕಣವ್ವಾ. ಏನೂ ಇಲ್ಲ ನೋಡು. ಕುಡಿ," ಅಂದೆ.

ಅವಳು ನೋಡಿದಳು. ಹಾಲು ಸೋರುವುದು ಅವಳಿಗೂ ಕಂಡಿತು. ಸೆರಗನ್ನು ಎರಡೂ ಕೈಯಿಂದ ಎಳೆದು ಮುಚ್ಚಿ, ಮೇಲೆ ಮೆತ್ತಗೆ ತಟ್ಟಿ, "ವದ್ದು," ಅಂದಳು. ಬೇಡ ಎನ್ನುವುದನ್ನು ಈ ಒಂದು ವಾರದಲ್ಲಿ ಮಗ್ಗದ ಮನೆಯ ಮಕ್ಕಳಿಂದ ತೆಲುಗಿನಲ್ಲಿ ಕಲಿತಿದ್ದಳು. ನಾನು ಮತ್ತೊಮ್ಮೆ ಕೇಳಿಕೊಂಡೆ. ಅವಳ ತುಟಿಗಳು ಬರಿದೇ ಚೀಪುವ ಹಾಗೆ ಆಡುತ್ತಿದ್ದವು. ಆದರೂ ಕುಡಿಯಲಿಲ್ಲ.